ಜೂನ್ ಒಂದರಂದು ಹುಟ್ಟಿದವರು

ಪಿಎಫ್ ಆಫೀಸಿನವರು ಕೇಳಿದ್ದು ಒಂದೇ ಒಂದು ಹಾಳೆ:
ನಾನು ಹುಟ್ಟಿದ್ದಕ್ಕೆ ಪುರಾವೆ.
ಎದುರಿಗೇ ನಿಂತಿದ್ದೆ, ಸಾಲಲಿಲ್ಲ.

ಹಾಗಾಗಿ ಬಂದೆ, ಮೂವತ್ತೊಂದು ವರ್ಷದ ಮೇಲೆ
ಶ್ರೀರಾಮಪುರದ ಈ ಗಲ್ಲಿಗೆ.
ದಾರಿ ಕೇಳಬೇಕಾಯಿತು, ನಾಚಿಕೆ.
ಸೌದೆ ಡಿಪೋ ಇದ್ದಲ್ಲಿ ಮೊಬೈಲ್ ರಿಪೇರಿ,
ಶಾಲೆಯ ನೆತ್ತಿಯ ಪಕ್ಕಕ್ಕೇ ಮೆಟ್ರೋ ಹಳಿ.
ರೈಲು ಹಾದಾಗೆಲ್ಲ ಟೀಚರು ಮಾತು ನಿಲ್ಲಿಸುತ್ತಾರೆ,
ಮಕ್ಕಳು ಬಾಯಲ್ಲಿದ್ದ ಮಗ್ಗಿಯನ್ನು
ಪೆಪ್ಪರಮೆಂಟಿನ ಹಾಗೆ ಕೆನ್ನೆಗೆ ಒತ್ತಿಕೊಂಡು ಕಾಯುತ್ತಾರೆ.
ಹದಿನೇಳಾರ್ಲ…
ರೈಲು ಹೋಗಬೇಕು, ಆಮೇಲೆ
ನೂರಾ ಎರಡು.

ಗೇಟು ಅದೇ. ಎಡಗಡೆಯ ಮೂರನೆಯ ಸರಳು
ಬಗ್ಗಿರುವುದೂ ಹಾಗೇ. ಬಗ್ಗಿಸಿದವನು ಅಂಥೋಣಿರಾಜ್.
ಕತ್ತು ಸಿಕ್ಕಿಕೊಂಡಿದ್ದರೂ ರಾಷ್ಟ್ರಗೀತೆಗೆ
ಆದಷ್ಟು ನೆಟ್ಟಗೆ ನಿಂತಿದ್ದ.

ಎಚ್ಚೆಮ್ಮು ನನಗಿಂತ ಚಿಕ್ಕವರು, ವಸುಮತಿ ಅಂತ.
ಬೀರುವಿನಿಂದ ಒಂದೊಂದೇ ಪುಸ್ತಕ ಇಳಿಸಿ, ಕೊಡವಿ, ಸೀನಿದರು.
ಕೂರಲು ಕೊಟ್ಟ ಬೆಂಚು
ನನ್ನ ಮಂಡಿಯನ್ನು ಗಲ್ಲಕ್ಕೆ ತಂದಿತು.

ಹೇಳಿಬಿಡುತ್ತೇನೆ: ನಾನಿಲ್ಲಿ ಪಾಸಾದವಳಲ್ಲ, ಫೇಲಾದವಳೂ ಅಲ್ಲ.
ಐದನೆಯ ಕ್ಲಾಸಿನ ದಸರಾ ರಜೆಗೆ ಹೋದವಳು
ರಜೆ ಮುಗಿಸಲಿಲ್ಲ.
ಅಮ್ಮನ ಪಕ್ಕ ಊದುಬತ್ತಿ ಹೊಸೆಯಲು ಕೂತೆ, ಸಾವಿರಕ್ಕೆ ಇಷ್ಟು ಎಂದು.
ಆಮೇಲೆ ಪೀಣ್ಯದ ಗಾರ್ಮೆಂಟ್ಸು,
ಕಾಲರು, ಕಾಲರು, ಕಾಲರು.
ಟಿಸಿ ಕೇಳಲು ನಮ್ಮ ಕಡೆಯಿಂದ ಯಾರೂ ಬರಲಿಲ್ಲ.
ಅಂದರೆ ಲೆಕ್ಕದ ಪ್ರಕಾರ
ನಾನಿನ್ನೂ ಗೈರುಹಾಜರಿ.

“ಸಿಕ್ಕಿತು ನೋಡಿ, ನೂರಾ ಹದಿನೇಳು.”

ನೇರಳೆ ಇಂಕು. ಪುಟ್ಟಮಾದಯ್ಯ ಮೇಷ್ಟ್ರ ಕೈ,
ಒತ್ತಕ್ಷರಕ್ಕೆಲ್ಲ ಬಾಲ ಎಳೆಯುವ ಕೈ.
ಹುಟ್ಟಿದ ತಾರೀಖು: ಜೂನ್ ಒಂದು.
ಅಮ್ಮ ಹೇಳಿದ್ದು ಪೊಂಗಲ್ ಆಗಿ ಮೂರನೆಯ ದಿನ,
ಮಿಲ್ಲಿನಲ್ಲಿ ಸ್ಟ್ರೈಕು ನಡೆಯುತ್ತಿದ್ದ ವರ್ಷ.
ಆ ಉತ್ತರಕ್ಕೆ ಪುಸ್ತಕದಲ್ಲಿ ಜಾಗವಿರಲಿಲ್ಲ.
ಪುಟದುದ್ದಕ್ಕೂ ಬೆರಳು ಓಡಿಸಿದೆ:
ಅಂಥೋಣಿರಾಜ್, ಜೂನ್ ಒಂದು.
ಮುಬೀನಾ, ಜೂನ್ ಒಂದು. ಗವಿರಂಗ, ಅವನೂ.
ಇಡೀ ಗಲ್ಲಿ ಒಂದೇ ಬೆಳಿಗ್ಗೆ ಹೆತ್ತಿತ್ತು,
ಒಬ್ಬ ಮೇಷ್ಟ್ರ ಸೂಲಗಿತ್ತಿತನದಲ್ಲಿ.

ಇನ್ನು ಹೆಸರು.
ಮನೆಯಲ್ಲಿ ನಾನು ಪೂಂಗೊಡಿ. ಸೇರಿಸುವ ದಿನ ಮೇಷ್ಟ್ರು
ಅದನ್ನು ಬಾಗಿಲಲ್ಲೇ ಬಿಡಿಸಿದರಂತೆ, ಚಪ್ಪಲಿಯ ಹಾಗೆ.
ಹಾಜರಿ ಕೂಗುವಾಗ ಪುಷ್ಪ.
ರೇಷನ್ ಕಾರ್ಡಿಗೆ ಪುಷ್ಪ, ಆಧಾರಿಗೆ, ಸಂಬಳದ ಸ್ಲಿಪ್ಪಿಗೆ,
ಗಂಡನ ಬಾಯಿಗೆ.
ಕಿತ್ತ ಹೂವು ಎಂದುಕೊಂಡಿದ್ದೆ. ಸಿಟ್ಟಿತ್ತು,
ಸತ್ತವರ ಮೇಲೆ ಇಟ್ಟುಕೊಳ್ಳಬಾರದಷ್ಟು.

ಇಲ್ಲಿ ಬರೆದಿರುವುದು ಪುಷ್ಪಲತಾ.

ಪೂ, ಹೂ, ಪುಷ್ಪ.
ಕೊಡಿ, ಕುಡಿ, ಲತೆ.
ಕಿತ್ತಿರಲಿಲ್ಲ ಆತ. ಬೇರು ಸಮೇತ ಎತ್ತಿ
ತನ್ನ ಭಾಷೆಯ ಕುಂಡದಲ್ಲಿ ನೆಟ್ಟಿದ್ದ.
ಬಳ್ಳಿ ಮುರಿದದ್ದು ಕರೆಯುವ ಅವಸರದಲ್ಲಿ,
ನಾವೇ, ದಿನಾ ಒಂದಿಷ್ಟು.

ಕೊನೆಯ ಕಾಲಂ, ಪೋಷಕರ ಸಹಿ:
ಅಮ್ಮನ ಹೆಬ್ಬೆಟ್ಟು. ಗೆರೆಗಳೇ ಇಲ್ಲ,
ಬರೀ ಒಂದು ನೇರಳೆ ಕಲೆ,
ಊದುಬತ್ತಿ ಹೊಸೆದು ಹೊಸೆದು ಸವೆದದ್ದು.
ಪಕ್ಕದಲ್ಲಿ ನನ್ನದನ್ನು ಇಟ್ಟು ನೋಡಿದೆ.
ಫ್ಯಾಕ್ಟರಿ ಬಾಗಿಲ ಮೆಷಿನ್ನು ಇದಕ್ಕೂ ದಿನಾ ಬೆಳಿಗ್ಗೆ ಹೇಳುತ್ತದೆ,
ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.

ರೈಲು ಬಂತು. ಎಲ್ಲರೂ ಸುಮ್ಮನಾದೆವು.
ಒಳ್ಳೆಯದೇ ಆಯಿತು, ಗಂಟಲು ಸರಿಯಿರಲಿಲ್ಲ.

ಅದು ಹೋದಮೇಲೆ ವಸುಮತಿ ಮೇಡಂ:
“ತಾರೀಖಿನದೇನೋ ಆಯ್ತು, ಈಗ ಹೆಸರು ಹೊಂದಲ್ಲವಲ್ಲ.
ಅಫಿಡವಿಟ್ಟು ಮಾಡಿಸಬೇಕು.
ಯಾವ ಹೆಸರು ಇಟ್ಕೋತೀರ?”

ಪಕ್ಕದ ಕೋಣೆಯಲ್ಲಿ ಹದಿನೆಂಟರ ಮಗ್ಗಿ ಶುರುವಾಗಿತ್ತು.
ಉತ್ತರ ನನಗೆ ಗೊತ್ತಿತ್ತು.
ಆದರೆ ಹೇಳುವ ಮೊದಲು, ನೋಡಿ, ಹಳೇ ಅಭ್ಯಾಸ,
ಕೈ ಎತ್ತಿಬಿಟ್ಟಿದ್ದೆ.